ಕಲಿಕೆಯ ಕೊರತೆಯಿಂದ ಹುಟ್ಟುವ ವ್ಯಾಕರಣ

ಯಾವ ಮಗುವೂ ತನ್ನ ಭಾಷೆಯ ಎಲ್ಲ ವಾಕ್ಯಗಳನ್ನು ಕೇಳಿ ಮಾತು ಕಲಿಯುವುದಿಲ್ಲ. ಕಿವಿಗೆ ಬಿದ್ದಷ್ಟನ್ನೇ ಆಧಾರವಾಗಿಟ್ಟುಕೊಂಡು, ಎಂದೂ ಕೇಳದ ವಾಕ್ಯಗಳನ್ನು ತಾನೇ ಕಟ್ಟುತ್ತದೆ. ಇಷ್ಟು ಅಲ್ಪ ಸಾಮಗ್ರಿಯಿಂದ ಅಷ್ಟು ದೊಡ್ಡ ವ್ಯಾಕರಣ ದಕ್ಕಬೇಕಾದರೆ ಅದರ ಚೌಕಟ್ಟು ಹುಟ್ಟಿನಿಂದಲೇ ಮನುಷ್ಯನಲ್ಲಿರಬೇಕೆಂದು ನೋಮ್ ಚಾಮ್ಸ್ಕಿ ವಾದಿಸಿದರು. ಕಂಪ್ಯೂಟರಿನಲ್ಲಿ ಭಾಷೆಯ ವಿಕಾಸವನ್ನು ಅನುಕರಿಸಿ ನೋಡಿದವರಿಗೆ ಇದೇ ಸಂಗತಿಯ ಇನ್ನೊಂದು ಮುಖ ಕಂಡಿತು: ಆ ಕೊರತೆಯೇ ವ್ಯಾಕರಣವನ್ನು ರೂಪಿಸುವ ಶಕ್ತಿಯೂ ಆಗಬಲ್ಲದು.

ಆಡಿದ ಮಾತು ಪಳೆಯುಳಿಕೆಯಾಗಿ ಉಳಿಯುವುದಿಲ್ಲವಾದ್ದರಿಂದ ಭಾಷೆಯ ಮೂಲದ ಚರ್ಚೆ ಬಹುಕಾಲ ಊಹೆಗಳಲ್ಲೇ ಸುತ್ತುತ್ತಿತ್ತು. ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘವಂತೂ 1866ರಲ್ಲಿ ಅಂಥ ಪ್ರಬಂಧಗಳನ್ನು ಸ್ವೀಕರಿಸುವುದಿಲ್ಲವೆಂದು ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿತು. ಅನುಕರಣ ಪ್ರಯೋಗ ಗತಕಾಲವನ್ನು ಮರಳಿ ತರುವುದಿಲ್ಲ, ಆದರೆ ಒಂದು ಊಹೆಯ ಷರತ್ತುಗಳನ್ನು ಸ್ಪಷ್ಟವಾಗಿ ಬರೆದು, ಅವುಗಳಿಂದ ನಿಜಕ್ಕೂ ಏನು ಹೊಮ್ಮುತ್ತದೆಂಬುದನ್ನು ಪರೀಕ್ಷಿಸಲು ಅವಕಾಶ ಕೊಡುತ್ತದೆ.

ಎಡಿನ್‌ಬರೋ ವಿಶ್ವವಿದ್ಯಾಲಯದ ಸೈಮನ್ ಕರ್ಬಿ 2001ರಲ್ಲಿ ಪ್ರಕಟಿಸಿದ ಮಾದರಿ ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ ಇರುವವರು ಇಬ್ಬರೇ, ಒಬ್ಬ ಹಿರಿಯ ಮತ್ತು ಒಬ್ಬ ಕಲಿಯುವವ. ಇಬ್ಬರೂ 'ಏಜೆಂಟ್'ಗಳು, ಅಂದರೆ ಕೊಟ್ಟ ನಿಯಮಗಳಂತೆ ತಾವಾಗಿಯೇ ವರ್ತಿಸುವ ಪುಟ್ಟ ಪ್ರೋಗ್ರಾಮುಗಳು. ಹೇಳಬೇಕಾದ ಅರ್ಥಗಳು 25, ಪ್ರತಿಯೊಂದು ಅರ್ಥಕ್ಕೂ ಎರಡು ಭಾಗ, ಪ್ರತಿ ಭಾಗಕ್ಕೂ ಐದು ಸಾಧ್ಯತೆ. ಮೊದಲಿಗೆ ಭಾಷೆಯೆಂಬುದೇ ಇಲ್ಲದೆ ಹಿರಿಯ ಏಜೆಂಟ್ ಬಾಯಿಗೆ ಬಂದ ಅಕ್ಷರಮಾಲೆಗಳನ್ನು ಉಚ್ಚರಿಸುತ್ತದೆ. ಕಿರಿಯದು ಅವುಗಳಲ್ಲಿ ಕೇಳಿದಷ್ಟನ್ನು ಕಲಿತು, ಹಿರಿಯದು ನಿರ್ಗಮಿಸಿದ ಮೇಲೆ ತಾನೇ ಮುಂದಿನ ಪೀಳಿಗೆಗೆ ಕಲಿಸುತ್ತದೆ. ಎಲ್ಲ ಅರ್ಥಗಳೂ ಪ್ರತಿ ಬಾರಿ ಕೇಳಸಿಗುವುದಿಲ್ಲ. ಈ ಇಕ್ಕಟ್ಟಿನಲ್ಲಿ, ಒಂದೊಂದು ಅರ್ಥಕ್ಕೆ ಒಂದೊಂದು ಬಿಡಿ ಪದವಾದರೆ ಆ ಪದ ಕೇಳದ ಪೀಳಿಗೆಯಲ್ಲಿ ಅಳಿದುಹೋಗುತ್ತದೆ, ಹಲವು ಅರ್ಥಗಳಲ್ಲಿ ಮರುಕಳಿಸುವ ತುಣುಕಾದರೆ ಯಾವುದಾದರೊಂದು ಮಾತಿನ ಮೂಲಕ ದಾಟಿಕೊಳ್ಳುತ್ತದೆ. ಹೀಗೆ ಪೀಳಿಗೆಗಳು ಕಳೆದಂತೆ, ಯಾರೂ ಯೋಜಿಸದೆಯೇ, ಅರ್ಥದ ಒಂದು ಭಾಗಕ್ಕೆ ಪದದ ಒಂದು ಭಾಗ ಹೊಂದುವ ಜೋಡಣೆ ನೆಲೆಗೊಳ್ಳುತ್ತದೆ.

ಇನ್ನೂ ಸೊಗಸಾದ ಫಲಿತಾಂಶ ಬಂದದ್ದು ಕೆಲವು ಅರ್ಥಗಳನ್ನು ಪದೇಪದೇ, ಕೆಲವನ್ನು ಅಪರೂಪಕ್ಕೆ ಬಳಸುವಂತೆ ಮಾಡಿದಾಗ. ಹೆಚ್ಚು ಬಳಕೆಯ ಅರ್ಥಗಳ ಪದಗಳು ನಿಯಮಕ್ಕೆ ಒಗ್ಗದೆ ಚಿಕ್ಕವಾಗಿಯೇ ಉಳಿದವು, ಏಕೆಂದರೆ ಅವು ಪ್ರತಿ ಪೀಳಿಗೆಯ ಕಿವಿಗೂ ಬೀಳುತ್ತವೆ. ಕನ್ನಡದಲ್ಲೂ ಇದೇ ನಡೆ ಕಾಣುತ್ತದೆ: ದಿನವೂ ಆಡುವ ಬರು, ಕೊಡು, ಇರು ಎಂಬ ಧಾತುಗಳು ಬಂದ, ಕೊಟ್ಟ, ಇದ್ದ ಎಂದು ತಮ್ಮ ತಮ್ಮ ರೀತಿಯಲ್ಲಿ ರೂಪ ಬದಲಿಸಿದರೆ, ಅಪರೂಪದ ಅನುಮೋದಿಸು, ವಿಶ್ಲೇಷಿಸು ಮೊದಲಾದವು ಶಿಸ್ತಿನಿಂದ ಅನುಮೋದಿಸಿದ, ವಿಶ್ಲೇಷಿಸಿದ ಎಂದಾಗುತ್ತವೆ.

ಪ್ರೋಗ್ರಾಮಿನಲ್ಲಿ ಕಂಡದ್ದು ಮನುಷ್ಯರಲ್ಲೂ ಕಾಣುವುದೇ ಎಂಬ ಪ್ರಶ್ನೆಗೆ ಕರ್ಬಿ, ಹ್ಯಾನಾ ಕಾರ್ನಿಷ್, ಕೆನ್ನಿ ಸ್ಮಿತ್ 2008ರಲ್ಲಿ ಉತ್ತರ ಹುಡುಕಿದರು. ಬಣ್ಣ, ಆಕಾರ, ಚಲನೆಗಳಲ್ಲಿ ಬೇರೆಬೇರೆಯಾದ 27 ಚಿತ್ರಗಳಿಗೆ ಅರ್ಥಹೀನ ಹೆಸರುಗಳನ್ನಿಟ್ಟು, ಸುಮಾರು ಅರ್ಧದಷ್ಟನ್ನು ಮಾತ್ರ ಒಬ್ಬರಿಗೆ ಕಲಿಸಿ, ಅವರು ಕೊಟ್ಟ ಉತ್ತರಗಳನ್ನೇ ಮುಂದಿನವರಿಗೆ ಪಾಠವಾಗಿಸಿ, ಹತ್ತು ಪೀಳಿಗೆ ಸಾಗಿಸಿದರು. ಮೊದಲ ಪ್ರಯೋಗದಲ್ಲಿ ಭಾಷೆ ಕಲಿಯಲು ಸುಲಭವಾಯಿತು, ಆದರೆ ಒಂದೇ ಹೆಸರು ಹಲವು ಚಿತ್ರಗಳಿಗೆ ಹಬ್ಬಿ ಬಡವಾಯಿತು; ಅಂಥ ಪುನರಾವರ್ತನೆಗಳನ್ನು ಪಾಠದಿಂದ ತೆಗೆದುಹಾಕಿದಾಗಲೇ ಬಣ್ಣಕ್ಕೆ, ಆಕಾರಕ್ಕೆ, ಚಲನೆಗೆ ಪ್ರತ್ಯೇಕ ತುಣುಕುಗಳುಳ್ಳ ಪದಗಳು ಮೂಡಿದವು. ಕಲಿಯಲು ಸುಲಭವಾಗಬೇಕೆಂಬ ಒತ್ತಡವೊಂದೇ ಸಾಲದು, ಅರ್ಥಗಳನ್ನು ಬೇರ್ಪಡಿಸಿ ತಿಳಿಸಬೇಕೆಂಬ ಒತ್ತಡವೂ ಜೊತೆಗಿರಬೇಕು ಎಂಬುದು ಇಡೀ ಸಂಶೋಧನೆಯ ಅತ್ಯಂತ ಬೆಲೆಯುಳ್ಳ ತಿಳಿವು.

ಕರ್ಬಿಯ ಮಾದರಿಯಲ್ಲಿ ಅರ್ಥಗಳನ್ನು ಮೊದಲೇ ಸಂಶೋಧಕರು ತುಂಬಿಸಿಟ್ಟಿರುತ್ತಾರೆ ಎಂಬುದು ಅದರ ನಿಜವಾದ ಮಿತಿ. ಬೆಲ್ಜಿಯಂನ ಲುಕ್ ಸ್ಟೀಲ್ಸ್ 1999ರಲ್ಲಿ ನಡೆಸಿದ 'ಟಾಕಿಂಗ್ ಹೆಡ್ಸ್' ಪ್ರಯೋಗ ಆ ಕಡೆಗೇ ತಿರುಗಿತು. ಅಲ್ಲಿ ಏಜೆಂಟ್‌ಗಳು ಕ್ಯಾಮೆರಾಗಳ ಮೂಲಕ ಬಿಳಿಹಲಗೆಯ ಮೇಲಿನ ಬಣ್ಣದ ಆಕೃತಿಗಳನ್ನು ನೋಡಿ, ಅವುಗಳ ವರ್ಗೀಕರಣವನ್ನೂ ಹೆಸರುಗಳನ್ನೂ ಪರಸ್ಪರ ಆಟದಲ್ಲಿ ತಾವೇ ರೂಪಿಸಿಕೊಂಡವು.