‘ಆಡಿಟಿ’ ಎಂಬ ಇಂಗ್ಲಿಷ್ ಶಬ್ದ

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯ ಪ್ರಗತಿಪತ್ರದಲ್ಲಿ ನಾನು ಆಕೆಯನ್ನು ‘ಆಡಿಟಿ’ ಎಂದು ಇಂಗ್ಲಿಷಿನಲ್ಲಿ ವರ್ಣಿಸಿದ್ದೆನು. ಇತರರಂತಲ್ಲದ ಬುದ್ಧಿಯುಳ್ಳವಳೆಂಬುದು ನನ್ನ ಅಭಿಪ್ರಾಯವಾಗಿತ್ತು. ಆಕೆಯ ತಂದೆಯವರು ನಿಘಂಟನ್ನು ನೋಡಿ, ಮರುದಿನವೇ ಶಾಲೆಗೆ ಬಂದು, “ಅಮ್ಮನವರೇ, ನನ್ನ ಮಗಳು ಅಷ್ಟು ವಿಚಿತ್ರವೇ?” ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಆ ಬಳಿಕ ಈ ಶಬ್ದವನ್ನು ಕುರಿತು ತಿಳಿದುಕೊಂಡುದನ್ನು ಪೋಷಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅರಿಕೆಮಾಡುತ್ತೇನೆ. ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರೇ ಆಗಿರುವಿರಷ್ಟೆ.

ಇದರ ಮೂಲವು ‘ಆಡ್’ ಎಂಬುದು. ಇದು ಸ್ಕ್ಯಾಂಡಿನೇವಿಯದ ಪ್ರಾಚೀನ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದುದು. ಅಲ್ಲಿ ‘ಒಡ್ಡಿ’ ಎಂದರೆ ನೀರಿನೊಳಕ್ಕೆ ಚಾಚಿದ ನೆಲದ ಮೊನೆ, ತ್ರಿಕೋಣ. ತ್ರಿಕೋಣದ ಮೂಲೆಗಳಲ್ಲಿ ಎರಡು ಜೊತೆಯಾದರೆ ಮೂರನೆಯದು ಒಂಟಿಯಾಗುವದು. ಹೀಗೆ ಆ ಶಬ್ದಕ್ಕೆ ಬೆಸಸಂಖ್ಯೆ ಎಂಬರ್ಥವು ಬಂದಿತು. ಎರಡು ಪಕ್ಷಗಳು ಸಮನಾದಾಗ ನಿರ್ಣಾಯಕ ಮತವನ್ನು ಕೊಡುವ ಮೂರನೆಯವನಿಗೆ ಆ ಜನರು ‘ಬೆಸ ಮನುಷ್ಯ’ ಎನ್ನುತ್ತಿದ್ದರು. ಅದು ಗೌರವದ ಸ್ಥಾನವೇ ಹೊರತು ನಗೆಪಾಟಲಲ್ಲ. ‘ವಿಚಿತ್ರ’ ಎಂಬರ್ಥವು ಇಂಗ್ಲಿಷಿನಲ್ಲಿ ಸುಮಾರು 16ನೆಯ ಶತಮಾನದ ಕೊನೆಗೆ ಸೇರಿಕೊಂಡಿತು. ‘ಆಡಿಟಿ’ ಎಂಬ ರೂಪವು 18ನೆಯ ಶತಮಾನದಲ್ಲಿ ಬಳಕೆಗೆ ಬಂದಿತು.

ನಮ್ಮ ಭಾಷೆಯಲ್ಲಿಯೂ ಇಂತಹದೇ ನಡೆದಿದೆ. ಹುಣಿಸೆಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ‘ಸರಿಯೋ ಬೆಸವೋ’ ಎಂದು ಆಡಿದವರು ನಾವೆಲ್ಲ. ಸಮಸಂಖ್ಯೆಯೇ ‘ಸರಿ’ಯಾದರೆ ಬೆಸದ ಗತಿಯೇನು! ಆಟದಲ್ಲಿ ಬೆಸವೆಂದವಳೂ ಗೆಲ್ಲುತ್ತಿದ್ದಳೆಂಬುದು ಬೇರೆ ಮಾತು. ಸಂಸ್ಕೃತದ ‘ವಿಷಮ’ದಿಂದ ‘ವೈಷಮ್ಯ’ ಹುಟ್ಟಿದಂತೆಯೇ ಇಂಗ್ಲಿಷಿನಲ್ಲಿ ‘ಅಟ್ ಆಡ್ಸ್’ ಎಂದರೆ ಪರಸ್ಪರ ವಿರೋಧದಲ್ಲಿರುವದು.

ಉಳಿದ ಪ್ರಯೋಗಗಳು ಸುಲಭ. ‘ಫಾರ್ಟಿ ಆಡ್’ ಎಂದರೆ ನಲವತ್ತು ಚಿಲ್ಲರೆ. ‘ಆಡ್ ಸಾಕ್’ ಎಂದರೆ ಜೊತೆ ತಪ್ಪಿದ ಕಾಲುಚೀಲ. ಹೊಲಿಗೆಯ ತರಗತಿಯಲ್ಲಿ ಉಳಿಯುವ ಚೂರುಪಾರುಗಳನ್ನು ‘ಆಡ್ಸ್ ಅಂಡ್ ಎಂಡ್ಸ್’ ಎನ್ನಬಹುದು.

‘ಆಡಿಟಿ’ಯಲ್ಲಿ ಮಾತ್ರ ಎಚ್ಚರಿಕೆ ಬೇಕು. ವಸ್ತುವಿಗೂ ಪ್ರಾಣಿಗೂ ಅದು ಸಲ್ಲುವದು. ಬಾತುಕೋಳಿಯಂತಹ ಕೊಕ್ಕುಳ್ಳ, ಮೊಟ್ಟೆಯಿಟ್ಟು ಮರಿಗೆ ಹಾಲೂಡುವ, ಆಸ್ಟ್ರೇಲಿಯದ ಪ್ಲಾಟಿಪಸ್ ಒಂದು ‘ಆಡಿಟಿ’; 1799ರಲ್ಲಿ ಅದನ್ನು ಮೊದಲು ವರ್ಣಿಸಿದ ಇಂಗ್ಲೆಂಡಿನ ಜಾರ್ಜ್ ಷಾ ಎಂಬ ಪಂಡಿತರೇ, ಯಾರೋ ಕೊಕ್ಕನ್ನು ಅಂಟಿಸಿ ಮೋಸಮಾಡಿರಬಹುದೆಂದು ಶಂಕಿಸಿದ್ದರು. ಆದರೆ ಮನುಷ್ಯರ ವಿಷಯದಲ್ಲಿ, ಒಬ್ಬಳ ಒಂದು ಉತ್ತರವನ್ನು ‘ಆಡ್’ ಎಂದರೆ ಆ ಉತ್ತರಕ್ಕಷ್ಟೇ ತಗಲುವದು. ಅವಳನ್ನೇ ‘ಆಡಿಟಿ’ ಎಂದರೆ ಇಡೀ ವ್ಯಕ್ತಿಗೆ ಚೀಟಿ ಅಂಟಿಸಿದಂತಾಗುವದು. ಸಮವಯಸ್ಕರಾದ ಸ್ನೇಹಿತರು ಸಲಿಗೆಯಿಂದ ಹೇಳಿಕೊಳ್ಳಬಹುದು. ಗುರುಗಳು ಶಿಷ್ಯೆಗೆ ಹೇಳತಕ್ಕದ್ದಲ್ಲ.

ಆ ತಂದೆಯವರನ್ನು ಕುಳ್ಳಿರಿಸಿ, ಅವರೆದುರಿಗೇ ಆ ಶಬ್ದವನ್ನು ಹೊಡೆದುಹಾಕಿ, “ಲೆಕ್ಕಗಳನ್ನು ಪುಸ್ತಕದಲ್ಲಿಲ್ಲದ ಕ್ರಮದಿಂದ ಬಿಡಿಸುತ್ತಾಳೆ; ಉತ್ತರ ತಪ್ಪುವದಿಲ್ಲ” ಎಂದು ಕನ್ನಡದಲ್ಲಿಯೇ ಬರೆದುಕೊಟ್ಟೆನು. ಅವರು ಅದನ್ನು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡರು.