ದಲ್ಲಾಳಿ ಕಮಿಷನ್: ಮಾತು ಮೊದಲೇ ಆಗಲಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಕಟ್ಟಿದ ಮನೆಯನ್ನು ಮಾರುವುದೂ ಕೊಳ್ಳುವುದೂ ಅಷ್ಟೇ ಕಷ್ಟದ ಕೆಲಸ. ಬೆಲೆಗಾಗಿ ವಾರಗಟ್ಟಲೆ ಚೌಕಾಸಿ ಮಾಡುವವರು, ಕಾಗದಪತ್ರಗಳನ್ನು ವಕೀಲರಿಗೆ ಎರಡೆರಡು ಸಲ ತೋರಿಸುವವರು ಕೂಡ ಒಂದು ಮಾತನ್ನು ಮಾತ್ರ ಕೊನೆಯವರೆಗೆ ಎತ್ತುವುದಿಲ್ಲ. ಅದು ದಲ್ಲಾಳಿಯ ಕಮಿಷನ್. ಜಗಳ ಹುಟ್ಟುವುದೂ ಅಲ್ಲಿಯೇ. ಅದೂ ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ!

ನಮ್ಮ ರಾಜ್ಯದ ನಗರಗಳಲ್ಲಿ ಸಾಮಾನ್ಯವಾಗಿ ಬೆಲೆಯ ಶೇಕಡಾ 1ರಿಂದ 2ರವರೆಗೆ ಕಮಿಷನ್ ಕೇಳುತ್ತಾರೆ. ಒಬ್ಬನೇ ದಲ್ಲಾಳಿ ಮಾರುವವರಿಂದಲೂ ಕೊಳ್ಳುವವರಿಂದಲೂ ಪಡೆಯುವುದುಂಟು. ‘ಇದು ಎಲ್ಲರೂ ಕೊಡುವ ರೇಟು’ ಎಂದ ಕೂಡಲೇ ಸುಮ್ಮನಾಗುವವರೇ ಹೆಚ್ಚು. ಆದರೆ ಇದು ರೂಢಿ, ಕಾನೂನಲ್ಲ. 2016ರ ರೇರಾ ಕಾಯ್ದೆಯೂ ಕಮಿಷನ್ ಇಷ್ಟೇ ಇರಬೇಕೆಂದು ಗೊತ್ತುಪಡಿಸಿಲ್ಲ. ಮನೆಯ ಬೆಲೆಯಂತೆ ಇದನ್ನೂ ಮಾತಾಡಿ ಇಳಿಸಬಹುದು.

ಲೆಕ್ಕ ಹೇಳುವ ಕಥೆ

ಮನೆಯ ಬೆಲೆ 80 ಲಕ್ಷ ರೂಪಾಯಿ ಎಂದುಕೊಳ್ಳೋಣ. ಶೇಕಡಾ 1ರಂತೆ ಕಮಿಷನ್ 80,000 ರೂಪಾಯಿ. ಎರಡೂ ಕಡೆಯಿಂದ ಪಡೆದರೆ 1,60,000. ದಲ್ಲಾಳಿ ಜಿಎಸ್‌ಟಿಗೆ ನೋಂದಾಯಿಸಿಕೊಂಡಿದ್ದರೆ ಅದರ ಮೇಲೆ ಶೇಕಡಾ 18 ತೆರಿಗೆ. ಒಂದು ಕಡೆಯ 80,000 ಆಗ 94,400 ಆಗುತ್ತದೆ. ‘ತೆರಿಗೆ ಸೇರಿಯೋ, ಬಿಟ್ಟೋ?’ ಎಂದು ಮೊದಲೇ ಕೇಳದಿದ್ದರೆ 14,400 ರೂಪಾಯಿ ಮೇಲೆ ಬೀಳುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಚೌಕಾಸಿಯಲ್ಲಿ ಬೆಲೆ 2 ಲಕ್ಷ ಇಳಿದರೆ ಮಾರುವವರಿಗೆ ಪೂರ್ತಿ 2 ಲಕ್ಷ ಕಡಿಮೆ. ದಲ್ಲಾಳಿಗೆ ಪ್ರತಿ ಕಡೆಯಿಂದ ಕಡಿಮೆಯಾಗುವುದು 2,000 ಮಾತ್ರ. ಹಾಗಾಗಿ ಎರಡು ಲಕ್ಷಕ್ಕಾಗಿ ತಿಂಗಳು ಕಾಯುವುದಕ್ಕಿಂತ ಈ ವಾರವೇ ವ್ಯವಹಾರ ಮುಗಿಸುವುದು ಆತನಿಗೆ ಲಾಭ. ‘ಇದಕ್ಕಿಂತ ಒಳ್ಳೆಯ ಬೆಲೆ ಬರುವುದಿಲ್ಲ’ ಎಂದು ಮಾರುವವರಿಗೂ, ‘ಇನ್ನೊಬ್ಬರು ಅಡ್ವಾನ್ಸ್ ಹಿಡಿದು ಕಾದಿದ್ದಾರೆ’ ಎಂದು ಕೊಳ್ಳುವವರಿಗೂ ಹೇಳುವುದು ಇದೇ ಕಾರಣಕ್ಕೆ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ಶೇಕಡಾವಾರು ಲೆಕ್ಕದ ಗುಣವೇ ಹಾಗೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಷಿಕಾಗೊ ಸುತ್ತಮುತ್ತ ಮಾರಾಟವಾದ ಸುಮಾರು ಒಂದು ಲಕ್ಷ ಮನೆಗಳ ವಿವರಗಳನ್ನು ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾದು, ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು!

ಏನು ಕೇಳಬೇಕು?

ಮನೆ ನೋಡಲು ಹೊರಡುವ ಮೊದಲೇ ನಾಲ್ಕು ಮಾತು ಇತ್ಯರ್ಥವಾಗಲಿ. ಕಮಿಷನ್ ಎಷ್ಟು? ಇನ್ನೊಂದು ಕಡೆಯಿಂದಲೂ ಪಡೆಯುತ್ತೀರಾ? ಋಣಭಾರ ಪತ್ರ, ಖಾತಾ, ಕಂದಾಯ ರಸೀದಿ ತರಿಸುವ ಓಡಾಟ ಯಾರದು? ಹಣ ಯಾವಾಗ ಕೊಡಬೇಕು? ಎರಡೂ ಕಡೆ ಪಡೆಯುವುದಾದರೆ ದರ ಇಳಿಸಲು ಕೇಳುವುದು ನ್ಯಾಯವೇ. ಶೇಕಡಾವಾರು ಬಿಟ್ಟು ಇಂತಿಷ್ಟು ಎಂದು ನಿಗದಿ ಮಾಡಿಕೊಳ್ಳಲೂಬಹುದು. ಮಾರುವವರು, ಗೊತ್ತುಮಾಡಿದ ಬೆಲೆಗಿಂತ ಹೆಚ್ಚು ಬಂದರೆ ಆ ಹೆಚ್ಚಿನಲ್ಲಿ ದೊಡ್ಡ ಪಾಲು ಕೊಡುವುದಾಗಿ ಹೇಳಿದರೆ ದಲ್ಲಾಳಿಗೂ ಕಾಯುವ ಮನಸ್ಸು ಬರುತ್ತದೆ.

ಬೇರೆ ಕರಾರು ಇಲ್ಲದಿದ್ದರೆ, ಒಪ್ಪಿದ ಕೆಲಸ ಪೂರ್ತಿಯಾಗುವವರೆಗೆ ಏಜೆಂಟರಿಗೆ ಹಣ ಸಲ್ಲಬೇಕಾಗಿಲ್ಲ ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 219ನೇ ಕಲಮು. ಆದರೆ ಕೆಲಸ ಪೂರ್ತಿಯಾಗುವುದೆಂದರೆ ಮುಂಗಡ ಕೊಟ್ಟಾಗಲೋ, ನೋಂದಣಿಯಾದಾಗಲೋ? ಅದನ್ನೇ ಬರೆಸಿಕೊಳ್ಳಬೇಕು.

ರೇರಾ ವ್ಯಾಪ್ತಿಯ ಹೊಸ ಫ್ಲ್ಯಾಟ್, ಬಡಾವಣೆಗಳನ್ನು ಮಾರಿಸುವ ಏಜೆಂಟ್ ನೋಂದಣಿ ಪಡೆದಿರಲೇಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಆದರೆ ಒಬ್ಬರು ವಾಸವಿದ್ದ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಮಾರುವಾಗ ಈ ರಕ್ಷಣೆ ಇಲ್ಲ. ಅಲ್ಲಿ ಒಂದು ಹಾಳೆಯ ಬರಹವೇ ಆಸರೆ. ಅಮೆರಿಕದಲ್ಲಿಯೂ ಕಮಿಷನ್ ವ್ಯಾಜ್ಯ ಕೋರ್ಟಿಗೆ ಹೋದ ಮೇಲೆ, 2024ರ ಆಗಸ್ಟ್ 17ರಿಂದ ಅಲ್ಲಿನ ರಿಯಲ್ಟರುಗಳ ರಾಷ್ಟ್ರೀಯ ಸಂಘವು ಕೊಳ್ಳುವವರಿಗೆ ಮನೆ ತೋರಿಸುವ ಮುನ್ನವೇ ಲಿಖಿತ ಒಪ್ಪಂದವಾಗಬೇಕೆಂಬ ನಿಯಮ ತಂದಿತು.

ಬರಹದಿಂದ ದಲ್ಲಾಳಿಗೂ ಒಳಿತೇ. ಬಿಸಿಲಲ್ಲಿ ಹತ್ತು ಮನೆ ತೋರಿಸಿದವನನ್ನು ಬಿಟ್ಟು, ಬೆನ್ನ ಹಿಂದೆ ವ್ಯವಹಾರ ಮುಗಿಸಿಕೊಳ್ಳುವವರೂ ಇದ್ದಾರೆ. ದುಡಿದವರಿಗೆ ಕೂಲಿ ಸಲ್ಲಬೇಕು. ಆದರೆ ಎಷ್ಟೆಂಬುದು ಕೊಡುವವರಿಗೂ ಮೊದಲೇ ತಿಳಿದಿರಬೇಕು.