ಸೀಸದ ಸಿಪಾಯಿಗೆ ಬಣ್ಣದ ದಿರಿಸು

ಎತ್ತರದಲ್ಲಿ ಒಂದು ಅಂಗುಲವೂ ಇಲ್ಲದ ಸಿಪಾಯಿ. ಅವನ ಹೆಗಲ ಮೇಲೆ ಬೆಂಕಿಕಡ್ಡಿಗಿಂತ ತೆಳುವಾದ ಬಂದೂಕು. ಎದೆಯ ಮೇಲೆ ಅಡ್ಡಲಾಗಿ ಹಾದುಹೋದ ಎರಡು ಬಿಳಿಯ ಪಟ್ಟಿಗಳು. ಕೊರಳಪಟ್ಟಿಗೊಂದು ಬಣ್ಣ, ಗುಂಡಿಗಳಿಗೊಂದು ಬಣ್ಣ. ಇವನಿಗೆ ದಿರಿಸು ತೊಡಿಸುವುದಕ್ಕಾಗಿ ನಡುವಯಸ್ಸು ದಾಟಿದ ಗೃಹಸ್ಥನೊಬ್ಬನು ಭೂತಗನ್ನಡಿಯನ್ನು ಹಿಡಿದು, ಉಸಿರು ಬಿಗಿಹಿಡಿದು, ರಾತ್ರಿ ಊಟವಾದ ಮೇಲೆ ದೀಪದ ಕೆಳಗೆ ಕುಳಿತಿರುತ್ತಾನೆಂದರೆ ನಮ್ಮ ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಆತನ ಮನೆಯಾಕೆ ನಗುವುದಂತೂ ಖಂಡಿತ. ಆದರೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ಹವ್ಯಾಸಕ್ಕೆ ಮನಸೋತವರು ಸಾವಿರಾರು ಮಂದಿ. ಇದಕ್ಕೊಂದು ಇತಿಹಾಸವಿದೆ, ಶಾಸ್ತ್ರವಿದೆ. ಶಾಸ್ತ್ರವಿದ್ದ ಮೇಲೆ ಜಗಳಗಳೂ ಇರಲೇಬೇಕಷ್ಟೆ!

ಆಟದ ಸಿಪಾಯಿಗಳ ತೌರುಮನೆ ಜರ್ಮನಿಯ ನ್ಯೂರೆಂಬರ್ಗ್ ನಗರ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹಿಲ್ಪರ್ಟ್ ಎಂಬ ತವರದ ಕೆಲಸಗಾರನು ಕಾಗದದಂತೆ ಚಪ್ಪಟೆಯಾದ ಸಿಪಾಯಿಗಳನ್ನು ಅಲ್ಲಿ ಎರಕ ಹೊಯ್ದನು. ಮೈಕೈ ತುಂಬಿದ ಗುಂಡನೆಯ ಸಿಪಾಯಿಗಳು ಆಮೇಲೆ ಬಂದವು; ಆದರೆ ಅವು ಗಟ್ಟಿ ಸೀಸದವಾದ್ದರಿಂದ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬಾತನು ಒಂದು ಜಾಣತನದ ಉಪಾಯವನ್ನು ಕಂಡುಹಿಡಿದನು. ಕರಗಿದ ಲೋಹವನ್ನು ಅಚ್ಚಿಗೆ ಸುರಿದು, ಅಚ್ಚಿನ ಗೋಡೆಗೆ ತಾಗಿದಷ್ಟು ಭಾಗ ಗಟ್ಟಿಯಾಗುತ್ತಲೇ ಮಿಕ್ಕುದನ್ನು ಥಟ್ಟನೆ ಹೊರಕ್ಕೆ ಬಗ್ಗಿಸಿಬಿಡುವುದು! ಒಳಗೆ ಪೊಳ್ಳು, ಹೊರಗೆ ಠೀವಿಯ ಸಿಪಾಯಿ. ಲೋಹ ಉಳಿಯಿತು, ಬೆಲೆ ಇಳಿಯಿತು. ಮಧ್ಯಮವರ್ಗದ ಮನೆಗಳ ಹುಡುಗರಿಗೆಲ್ಲ ಒಂದೊಂದು ಪಟಾಲಮು ದೊರೆಯಿತು. 54 ಮಿಲಿಮೀಟರ್ ಎತ್ತರದ ಆ ಬೊಂಬೆಗಳಿಗೆ ಬಣ್ಣ ಹಚ್ಚಿದವರಲ್ಲಿ ಬಹುಪಾಲು ಹೆಂಗಸರು. ಅವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಇಂದು ಹರಾಜಿನಲ್ಲಿ ಆ ಸಿಪಾಯಿಗಳನ್ನು ಕೊಳ್ಳುವವರು ಬೆಲೆ ಕಟ್ಟುವುದು ಮುಖ್ಯವಾಗಿ ಅವರು ಹಚ್ಚಿದ ಆ ಬಣ್ಣಕ್ಕೇ ಎಂಬುದು ವಿಚಿತ್ರವಲ್ಲವೆ? ಸೀಸದ ವಿಷದ ಭಯ ಹೆಚ್ಚಾಗಿ 1966ರಲ್ಲಿ ಬ್ರಿಟನ್ ಸಂಸ್ಥೆಯು ಪೊಳ್ಳು ಸಿಪಾಯಿಗಳ ತಯಾರಿಕೆಯನ್ನೇ ನಿಲ್ಲಿಸಿತು.

ಬೊಂಬೆಯಾಟವು ಯುದ್ಧದಾಟವಾಗಿ ಬೆಳೆದದ್ದಕ್ಕೆ ಒಬ್ಬ ಹೆಸರಾಂತ ಕಾದಂಬರಿಕಾರನ ಋಣವಿದೆ. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ನೆಲದ ಮೇಲೆ ಸೈನ್ಯಗಳನ್ನು ಹೂಡಿ ಕಾದಾಡುವ ನಿಯಮಗಳನ್ನು ವಿಧಿಸಿದನು. ಸ್ಪ್ರಿಂಗಿನ ಪುಟ್ಟ ಫಿರಂಗಿಯಿಂದ ಮರದ ಗುಂಡು ಹಾರಿಸಿ ಎದುರಾಳಿಯ ಸಿಪಾಯಿಗಳನ್ನು ಉರುಳಿಸಬೇಕು. ವೆಲ್ಸ್ ಯುದ್ಧಪ್ರಿಯನಾಗಿರಲಿಲ್ಲ. ಯುದ್ಧದ ಹುಚ್ಚಿರುವ ದೊರೆಗಳನ್ನೂ ಸೇನಾನಿಗಳನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿ ಈ ಆಟವಾಡಲು ಬಿಟ್ಟರೆ ಲೋಕಕ್ಕೆ ಕ್ಷೇಮವೆಂಬುದು ಆತನ ಆಶಯ. ಪುಸ್ತಕ ಬಂದ ಮರುವರ್ಷವೇ ಯೂರೋಪು ಹೊತ್ತಿ ಉರಿಯಿತು.

ಮುಂದೆ ಈ ಆಟವನ್ನು ನೆಲದಿಂದ ಮೇಜಿಗೆ ಏರಿಸಿ, ಗುಂಡಿನ ಬದಲು ದಾಳ ಹಾಗೂ ಅಳತೆಪಟ್ಟಿಗಳಿಂದ ಗೆಲವು ಸೋಲುಗಳನ್ನು ನಿರ್ಣಯಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಜ್ಯಾಕ್ ಸ್ಕ್ರಬಿ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ ಪ್ರಮುಖರು. ಫೆದರ್‌ಸ್ಟೋನ್ ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುದಳದಲ್ಲಿದ್ದವರು. ನಿಜವಾದ ಯುದ್ಧವನ್ನು ಕಣ್ಣಾರೆ ಕಂಡು ಬಂದವರು. ಅವರ ‘ವಾರ್ ಗೇಮ್ಸ್’ ಎಂಬ ಪುಸ್ತಕವು 1962ರಲ್ಲಿ ಪ್ರಕಟವಾಯಿತು. ಮೇಜಿಗೆ ಒಪ್ಪುವಂತೆ ಸಿಪಾಯಿಗಳೂ ಕುಗ್ಗಿದರು. ಆ ಕಾಲದಲ್ಲಿ ಮಾರ್ಕಸ್ ಹಿಂಟನ್ ಎಂಬ ಶಿಲ್ಪಿಯು ಕಡೆದ, ‘ಹಿಂಟನ್ ಹಂಟ್’ ಎಂಬ ಹೆಸರಿನಿಂದ ಮಾರಾಟವಾದ 20 ಮಿಲಿಮೀಟರ್ ಸಿಪಾಯಿಗಳನ್ನು ಇಂದಿಗೂ ಹುಡುಕಿ ಹುಡುಕಿ ಕೊಳ್ಳುವವರಿದ್ದಾರೆ. ಈಚಿನ ಬೊಂಬೆಗಳಷ್ಟು ನಾಜೂಕು ಇವಕ್ಕಿಲ್ಲ, ನಿಜ. ಆದರೆ ಇವುಗಳ ತೆಳ್ಳನೆಯ ಮೈಕಟ್ಟು, ನೇರವಾದ ನಿಲವು ನೋಡುವುದಕ್ಕೆ ಒಂದು ಚೆಂದ. ಉಬ್ಬಿದ ಗಲ್ಲ, ದಪ್ಪ ಮುಷ್ಟಿಗಳ ಇಂದಿನ ಸಿಪಾಯಿಗಳಿಗಿಂತ ನನಗಂತೂ ಇವೇ ಹೆಚ್ಚು ಒಪ್ಪಿಗೆ.

ಬಣ್ಣದ ವಿಧಾನ

ಹಳೆಯ ಸಿಪಾಯಿಗೆ ಬಣ್ಣ ಹಚ್ಚುವುದೆಂದರೆ ಬಣ್ಣಕ್ಕಿಂತ ಮುಂಚಿನ ಕೆಲಸವೇ ಹೆಚ್ಚು. ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಮೈಯುದ್ದಕ್ಕೂ ಒಂದು ಗೆರೆ ಎದ್ದಿರುತ್ತದೆ. ಅದನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ಬಗ್ಗಿದ ಬಂದೂಕನ್ನು ಬಲು ನಿಧಾನವಾಗಿ ನೆಟ್ಟಗೆ ಮಾಡಬೇಕು. ಹಳೆಯ ಸೀಸವು ಎರಡನೆಯ ಸಲ ಕ್ಷಮಿಸುವುದಿಲ್ಲ, ಪಟ್ಟನೆ ಮುರಿಯುತ್ತದೆ. ಬಳಿಕ ಸಾಬೂನಿನ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಕೈಯಲ್ಲಿ ಹಿಡಿಯಲು ಅನುಕೂಲವಾಗುವಂತೆ ಒಂದು ಮೊಳೆಯ ತಲೆಗೋ ಸೀಸೆಯ ಮುಚ್ಚಳಕ್ಕೋ ಅಂಟಿಸಿ, ಬಿಳಿಯದೋ ಬೂದುಬಣ್ಣದ್ದೋ ಒಂದು ತೆಳು ಲೇಪವನ್ನು ಕೊಡಬೇಕು. ಈ ತಳಹದಿಯಿಲ್ಲದಿದ್ದರೆ ಮೇಲಿನ ಬಣ್ಣವು ಲೋಹವನ್ನು ಹಿಡಿದು ನಿಲ್ಲದು.

ಇಷ್ಟಾದ ಮೇಲೆ ಕುಂಚ. ಸೈಬೀರಿಯದ ಕಡೆಯ, ಮುಂಗುಸಿಯನ್ನು ಹೋಲುವ ಒಂದು ಪ್ರಾಣಿಯ ಬಾಲದ ರೋಮದಿಂದ ಮಾಡಿದ ಕುಂಚವೇ ಶ್ರೇಷ್ಠ. ಕುಂಚ ತೀರ ಸಣ್ಣದಾಗಿರಬೇಕೆಂದು ಹೊಸಬರು ತಿಳಿಯುತ್ತಾರೆ. ವಾಸ್ತವವಾಗಿ ಬೇಕಾದುದು ಚೂಪಾದ ತುದಿ, ಬಣ್ಣವನ್ನು ಹಿಡಿದಿಡುವಷ್ಟು ಹೊಟ್ಟೆ. ಹಿಂದಿನವರು ಎನಾಮೆಲ್ ಬಣ್ಣ ಬಳಸುತ್ತಿದ್ದರು. ಈಗಿನವರಲ್ಲಿ ಹೆಚ್ಚಿನವರು ನೀರಿನಲ್ಲಿ ಕರಗುವ, ಬೇಗ ಒಣಗುವ ಅಕ್ರಿಲಿಕ್ ಬಣ್ಣಗಳನ್ನು ಬಳಸುತ್ತಾರೆ. ಮೊದಲು ಮುಖ ಮತ್ತು ಕೈಗಳು, ಅನಂತರ ಅಂಗಿ ಷರಾಯಿಗಳು, ಕಡೆಯಲ್ಲಿ ಪಟ್ಟಿಗಳು, ಗುಂಡಿಗಳು. ಅಂದರೆ ಮನುಷ್ಯನು ಬಟ್ಟೆ ತೊಡುವ ಕ್ರಮದಲ್ಲಿಯೇ, ಒಳಗಿನಿಂದ ಹೊರಕ್ಕೆ. ನಿಜವಾದ ಬಟ್ಟೆಯ ಬಣ್ಣವನ್ನೇ ತಂದು ಹಚ್ಚಿದರೆ ಇಷ್ಟು ಸಣ್ಣ ಬೊಂಬೆಯು ಕಪ್ಪಿಟ್ಟು ಕಾಣುತ್ತದೆ. ಆದಕಾರಣ ಎಲ್ಲ ಬಣ್ಣಗಳನ್ನೂ ಒಂದು ಛಾಯೆ ತಿಳಿಯಾಗಿಸುವುದು ವಾಡಿಕೆ. ಮೂರಡಿ ದೂರದಿಂದ ನೋಡುವ ಸಿಪಾಯಿಗೆ ಕಣ್ಣುಗುಡ್ಡೆ ಬರೆಯುವುದು ವ್ಯರ್ಥಶ್ರಮ. ಕಣ್ಣಿರುವ ಕಡೆ ನಸುಗಪ್ಪಿನ ಒಂದು ನೆರಳು ಸಾಕು, ಅವನು ನೋಡತೊಡಗುತ್ತಾನೆ.

ಕೊನೆಯಲ್ಲಿ ವಾರ್ನಿಷು. ಹೊಳೆಯುವ ವಾರ್ನಿಷು ಬೊಂಬೆಗೆ ಹಳೆಯ ಆಟಿಕೆಯ ಮೆರುಗನ್ನು ಕೊಡುತ್ತದೆ, ಮಂದ ವಾರ್ನಿಷು ನಿಜವಾದ ಉಣ್ಣೆಯ ಬಟ್ಟೆಯ ಭ್ರಮೆಯನ್ನು ಕೊಡುತ್ತದೆ. ಇಬ್ಬರ ಪಕ್ಷವನ್ನೂ ವಹಿಸಿ ವಾದಿಸುವವರಿದ್ದಾರೆ. ನಾವು ಅದಕ್ಕೆ ತಲೆಹಾಕುವುದು ಬೇಡ.

ತಲೆಹಾಕಲೇಬೇಕಾದ ಜಗಳವೊಂದಿದೆ. ಯುದ್ಧದಾಟದ ಸಿಪಾಯಿಗಳು ಸಾಮಾನ್ಯವಾಗಿ ಬರಿಯ ಲೋಹವಾಗಿಯೇ ಮಾರಾಟವಾದವು. ಅವುಗಳ ಮೇಲಿರುವ ಬಣ್ಣವು ಕೊಂಡವನ ಕೈಯದು. ಒಬ್ಬನು ಮೂವತ್ತು ವರ್ಷ ಸಂಜೆಗಳನ್ನು ಸವೆಸಿ ಎರಡು ಸೈನ್ಯಗಳನ್ನು ಕಟ್ಟಿರುತ್ತಾನೆ. ಅವನು ತೀರಿಕೊಂಡ ಮೇಲೆ ಮನೆಯವರು ಪೆಟ್ಟಿಗೆಗಳನ್ನು ಮಾರುತ್ತಾರೆ. ಸೈನ್ಯವು ಚದರಿ ಹತ್ತು ಮಂದಿಯ ಪಾಲಾಗುತ್ತದೆ. ಹೊಸ ಒಡೆಯನು ಏನು ಮಾಡಬೇಕು? ದ್ರಾವಕದಲ್ಲಿ ಅದ್ದಿ ಹಳೆಯ ಬಣ್ಣವನ್ನೆಲ್ಲ ಕಿತ್ತು, ತನ್ನ ರುಚಿಯಂತೆ ಹೊಸದಾಗಿ ಹಚ್ಚಬಹುದು. ಒಂದೇ ಪಟಾಲಮಿನಲ್ಲಿ ಇಬ್ಬರ ಕೈಬಣ್ಣ ಸೇರಿದರೆ ಅಂದಗೆಡುತ್ತದೆಂಬುದು ಇವರ ವಾದ. ಇನ್ನು ಕೆಲವರು ಉದುರಿದಲ್ಲಿ ಮಾತ್ರ ತೇಪೆ ಹಾಕಿ, ಮೇಲೊಂದು ವಾರ್ನಿಷು ಬಳಿದು ಹಾಗೆಯೇ ಆಡುತ್ತಾರೆ. ಬೊಂಬೆಯ ಪೀಠವನ್ನು ತಿರುವಿದರೆ ಹಿಂದಿನವನು ಸಣ್ಣಕ್ಷರದಲ್ಲಿ ಪಟಾಲಮಿನ ಹೆಸರು ಬರೆದಿರುವುದುಂಟು. ಅಂಥದನ್ನು ದ್ರಾವಕಕ್ಕೆ ಅದ್ದುವುದು ನನ್ನಿಂದಾಗದ ಕೆಲಸ. ಅಚ್ಚು ಉಳಿದಿದ್ದರೆ ಸಿಪಾಯಿಯನ್ನು ಮತ್ತೆ ಎರಕ ಹೊಯ್ಯಬಹುದು, ಸತ್ತವನ ಕೈಗೆರೆಯನ್ನು ಹೊಯ್ಯಲಾದೀತೆ? ಆದರೆ ಮೂಗು ಬಾಯಿ ಮುಚ್ಚಿಹೋಗುವಂತೆ ಹುಡುಗರು ಬಣ್ಣ ಮೆತ್ತಿದ ಬೊಂಬೆಗೆ ಈ ಮರ್ಯಾದೆ ಅನಾವಶ್ಯಕ.

ಇವೆಲ್ಲಕ್ಕೂ ಮಿಗಿಲಾದ ಶತ್ರುವೆಂದರೆ ಸೀಸದ ರೋಗ. ಓಕ್ ಮುಂತಾದ ಮರದ ಕಪಾಟುಗಳಿಂದ ಹೊರಡುವ ಅಸಿಟಿಕ್ ಆಮ್ಲದ ಆವಿಯು ತೇವದೊಡನೆ ಸೇರಿ ಸೀಸವನ್ನು ಬೂದುಬಣ್ಣದ ಪುಡಿಯಾಗಿ ಮಾಡಿಬಿಡುತ್ತದೆ. ಅಂದದ ಕಪಾಟಿನಲ್ಲಿ ಜೋಪಾನವಾಗಿಟ್ಟವರ ಸೈನ್ಯವೇ ಹೀಗೆ ನಾಶವಾಗುವುದು ಸೋಜಿಗ. ಲೋಹದ ಇಲ್ಲವೆ ಗಾಜಿನ ಅರೆಯಲ್ಲಿ, ಗಾಳಿಯಾಡುವಂತೆ, ಒಣಹವೆಯಲ್ಲಿ ಇರಿಸಬೇಕು. ಆ ಪುಡಿ ವಿಷ. ಮಕ್ಕಳ ಕೈಗೆ ಸಿಕ್ಕಬಾರದು. ಕೆಲಸ ಮುಗಿದ ಮೇಲೆ ದೊಡ್ಡವರೂ ಕೈತೊಳೆಯಬೇಕು, ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಚಾಳಿಯನ್ನು ಬಿಡಬೇಕು.

ದಿರಿಸಿನ ಸತ್ಯ

ಯಾವ ಪಟಾಲಮಿಗೆ ಯಾವ ಬಣ್ಣವೆಂಬುದರ ಶೋಧನೆಗೆ ಕೊನೆಯಿಲ್ಲ. ಬ್ರಿಟಿಷ್ ಸಿಪಾಯಿಯ ಕೆಂಪಂಗಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ಸಿಪಾಯಿಯದು ಮಂಜಿಷ್ಠದ ಬೇರಿನಿಂದ ತೆಗೆದ ಇಟ್ಟಿಗೆಗೆಂಪು. ಅಧಿಕಾರಿಯದು ಕೀಟಗಳಿಂದ ತೆಗೆದ ಬೆಲೆಬಾಳುವ ಕಡುಗೆಂಪು. ಒಂದೇ ಡಬ್ಬಿಯ ಬಣ್ಣವನ್ನು ಇಬ್ಬರಿಗೂ ಬಳಿದವನು ಬಲ್ಲವರ ಮುಂದೆ ಸಿಕ್ಕಿಬೀಳುತ್ತಾನೆ.

ಇಂಥ ಸತ್ಯನಿಷ್ಠೆಯು ಒಮ್ಮೊಮ್ಮೆ ದುಬಾರಿಯಾಗುವುದೂ ಉಂಟು. ವಿಲಿಯಂ ಸೈಬಾರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿಗೆ 1830ರಲ್ಲಿ ವಾಟರ್ಲೂ ಕದನದ ಒಂದು ಪ್ರತಿಕೃತಿಯನ್ನು ನಿರ್ಮಿಸುವ ಕೆಲಸ ಬಂದಿತು. ಆತನು ರಣರಂಗದಲ್ಲೇ ತಿಂಗಳುಗಟ್ಟಲೆ ತಂಗಿ ನೆಲವನ್ನು ಅಳೆದು, ಬದುಕುಳಿದ ಅಧಿಕಾರಿಗಳಿಗೆಲ್ಲ ಪತ್ರ ಬರೆದು ವಿಚಾರಿಸಿ, 70,000ಕ್ಕೂ ಮೇಲ್ಪಟ್ಟು ಪುಟ್ಟ ಸಿಪಾಯಿಗಳನ್ನು ನಿಲ್ಲಿಸಿದನು. ಕದನದ ಕೊನೆಯ ಗಳಿಗೆಯಲ್ಲಿ ಪ್ರಷ್ಯದ ಸೈನ್ಯವು ಎಷ್ಟಿತ್ತೆಂದು ತನಗೆ ತೋರಿತೋ ಅಷ್ಟನ್ನೂ ನಿಲ್ಲಿಸಿದ್ದು ವೆಲಿಂಗ್ಟನ್ನಿನ ಪಕ್ಷದವರಿಗೆ ಹಿಡಿಸಲಿಲ್ಲ. ಗೆಲವಿನಲ್ಲಿ ಪಾಲು ಕೊಟ್ಟಂತಾಯಿತಲ್ಲ! ಕಡೆಗೆ ಆತನು ಸಾವಿರಾರು ಪ್ರಷ್ಯನ್ನರನ್ನು ಕಿತ್ತು ತೆಗೆಯಬೇಕಾಯಿತು. ಹಾಕಿದ ಹಣವೂ ಅವನಿಗೆ ಹಿಂದಿರುಗಲಿಲ್ಲ. ಆ ಪ್ರತಿಕೃತಿ ಇಂದು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ.

ವೆಲಿಂಗ್ಟನ್ ಎಂದಾಗ ನಮ್ಮ ನಾಡಿನ ನೆನಪಾಗದಿರದು. ಮೈಸೂರಿನ ಯುದ್ಧಗಳನ್ನು ಮೇಜಿನ ಮೇಲೆ ಹೂಡುವವರು ವಿದೇಶಗಳಲ್ಲಿ ಇದ್ದಾರೆ. ಟಿಪ್ಪುವಿನ ಸಿಪಾಯಿಗೆ ಬಣ್ಣ ಹಚ್ಚಹೊರಟವನ ಪಾಡು ಕಠಿಣವೇ ಸರಿ. ಹುಲಿಪಟ್ಟೆಯನ್ನು ಹೋಲುವ ‘ಬಬ್ರಿ’ ಎಂಬ ಚಿಹ್ನೆಯನ್ನು ಅಕ್ಕಿಕಾಳಿನಷ್ಟು ಅಗಲದ ಬೆನ್ನಿನ ಮೇಲೆ ಸಾಲುಸಾಲಾಗಿ ಬರೆಯಬೇಕು, ಅದೂ ನೂರಾರು ಬೆನ್ನುಗಳ ಮೇಲೆ. ಎದುರಿಗೆ ಕೆಂಪಂಗಿಗೆ ಕೆಂಪು ಕೊರಳಪಟ್ಟಿಯನ್ನೇ ತೊಟ್ಟ 33ನೆಯ ಪಟಾಲಮು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ, ಮುಂದೆ ವೆಲಿಂಗ್ಟನ್ ಎನಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಇದೇ ಪಟಾಲಮಿನೊಡನೆ ಕತ್ತಲಲ್ಲಿ ದಾರಿತಪ್ಪಿ, ಮೊಣಕಾಲಿಗೆ ಏಟು ತಿಂದು ಹಿಮ್ಮೆಟ್ಟಿದ್ದನು. ತೋಪು ಅವನ ವಶವಾದದ್ದು ಮಾರನೆಯ ಬೆಳಿಗ್ಗೆ. ಮೇಜಿನ ಮೇಲೆ ಆ ರಾತ್ರಿಯನ್ನು ಆಡುವಾಗ ಮರಗಳ ನಡುವೆ ನಿಂತ ಮೈಸೂರಿನ ಸಿಪಾಯಿಗಳನ್ನು ಒಂದು ಬಟ್ಟೆಯ ಕೆಳಗೆ ಮರೆಮಾಡಿಟ್ಟು, ಕೆಂಪಂಗಿಯವರು ಹತ್ತಿರಕ್ಕೆ ಬಂದಾಗಲಷ್ಟೇ ಬಟ್ಟೆಯನ್ನು ಎತ್ತಬಹುದು.